ಗೌರವ್ವನ ಬ್ಯಾನಿ

"ಯಾರ ಹೇಳಿದರ್ರಿ ಇದು ಹೆಣ್ಣಂತ?"

ಡಾಕ್ಟರ್ ಬಾಯಿಯವರು, ಅಂದರೆ ಡಾಕ್ಟರಮ್ಮ, ಹೀಗೆ ಕೇಳಿದಾಗ ನಾನು ಅತ್ತೆಯವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಮೇಜಿನ ಮೇಲೆ ನಮ್ಮ ಬೆಕ್ಕು ಗೌರವ್ವ ಬಾಯಿ ತೆರೆದುಕೊಂಡು ಮಲಗಿದ್ದಳು. ಹಣೆಗೆ ಅತ್ತೆ ಹಚ್ಚಿದ ಕುಂಕುಮ ಇನ್ನೂ ಹಾಗೇ ಇತ್ತು. ಮರಿ ಅಡ್ಡ ಸಿಕ್ಕಿದೆ, ಹೆರಿಗೆ ಆಗುತ್ತಿಲ್ಲ ಎಂದು ಖಾನಾಪುರದಿಂದ ಬೆಳಗಾವಿಯವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ಬಂದವರು ನಾವು. ಡಾಕ್ಟರು ಉದ್ದ ಕೂದಲನ್ನು ಬೆರಳಿನಿಂದ ಸರಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು: "ಇದು ಬೋಕಾ ಅದರೀ, ಗಂಡು ಬೆಕ್ಕು. ಅದೂ ಮರಿ ಆಗಲಾರದಂಗ ಮೊದಲ ಆಪರೇಷನ್ ಮಾಡಿಸಿದ ಗಂಡು. ಹೊಟ್ಯಾಗ ಮರಿ ಇಲ್ಲ. ಉಚ್ಚಿ ಕಟ್ಟೇದ."

ಈಗ ಈ ಕಥೆ ಹೇಳಿದರೆ ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಆ ಗಳಿಗೆಯಲ್ಲಿ ಮಾತ್ರ ಯಾರಿಗೂ ನಗು ಬರಲಿಲ್ಲ. ಗಂಡು ಬೆಕ್ಕುಗಳಿಗೆ ಮೂತ್ರ ಕಟ್ಟುವುದು ಅಪರೂಪವಲ್ಲವಂತೆ. ಎಷ್ಟೋ ಮನೆಗಳಲ್ಲಿ ಬೆಕ್ಕು ಕುಕ್ಕರಗಾಲಲ್ಲಿ ಕೂತು ತಿಣುಕುತ್ತ ಮುಕ್ಕುವುದನ್ನು ನೋಡಿ ಮಲಬದ್ಧತೆ ಎಂದುಕೊಂಡು ಔಡಲೆಣ್ಣೆ ಕುಡಿಸುತ್ತಾರಂತೆ. ಆದರೆ ಬೋಕಾನ ಹೆರಿಗೆ ಮಾಡಿಸಲು ಕೂತವರು ತಮ್ಮ ಅನುಭವದಲ್ಲಿ ನೀವೇ ಮೊದಲಿಗರು ಎಂದು ಡಾಕ್ಟರು ಆಮೇಲೊಂದು ದಿನ ಹೇಳಿದರು. ಇಂಥ ತಪ್ಪು ಮಾಡಿದವರು ಇನ್ನೂ ಯಾರಾದರೂ ಇದ್ದರೆ, ನಿಮ್ಮ ಜೊತೆ ನಾವಿದ್ದೇವೆ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಶಿವಬಸವ ನಗರದಲ್ಲಿ. ನಾನು, ನಮ್ಮ ಮನೆಯವರು, ಅತ್ತೆ, ಇಷ್ಟೇ ಸಂಸಾರ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವುದು ನನ್ನ ಕೆಲಸ. ಹುಡುಗ ಪುಲ್ಲಿಂಗ, ಹುಡುಗಿ ಸ್ತ್ರೀಲಿಂಗ, ಬೆಕ್ಕು ನಪುಂಸಕಲಿಂಗ ಎಂದು ವರ್ಷಾವರ್ಷ ಬೋರ್ಡಿನ ಮೇಲೆ ಬರೆಯುವ ಕೈ ನನ್ನದು. ಆ ಬೆಕ್ಕು ನಮ್ಮ ಮನೆಗೆ ಬಂದದ್ದು ಬಾಜೂ ಮನೆಯ ಶಾಹೀನಳಿಂದ. ಅವಳ ತಮ್ಮ ಕೆಲಸಕ್ಕೆಂದು ಮಸ್ಕತ್ತಿಗೆ ಹೊರಟಾಗ ತಾನು ಸಾಕಿದ ಬಿಳಿ ಬೆಕ್ಕನ್ನು ಗಡಿಬಿಡಿಯಲ್ಲಿ ಅಕ್ಕನ ಮನೆಯಲ್ಲಿ ಬಿಟ್ಟು ಹೋಗಿದ್ದ. ಶಾಹೀನಳಿಗೆ ಬೆಕ್ಕಿನ ಕೂದಲಿನಿಂದ ಸೀನು ಬರುತ್ತಿತ್ತು. ನಮ್ಮಲ್ಲಿಗೆ ತಂದುಕೊಟ್ಟು, "ಬಿಲ್ಲಿ ಭಾಳ ಶಾಣ್ಯಾಕಿ ಅದಾಳ್ರಿ ಟೀಚರ್, ಯಾರಿಗೂ ತ್ರಾಸ ಕೊಡಂಗಿಲ್ಲ" ಎಂದಳು. ಶಾಣ್ಯಾಕಿ ಅಂದರೆ ಜಾಣೆ, ಅದಾಳ ಅಂದರೆ ಇದ್ದಾಳೆ, ಎರಡೂ ಸ್ತ್ರೀಲಿಂಗ. ಅಷ್ಟು ಕೇಳಿದ ಮೇಲೆ ಬಾಲ ಎತ್ತಿ ನೋಡುವ ಅಗತ್ಯ ನಮಗ್ಯಾರಿಗೂ ಕಾಣಲಿಲ್ಲ. ಎತ್ತಿದ್ದರೂ ಆ ಕೂದಲಿನ ಕಾಡಿನಲ್ಲಿ ಏನು ಕಾಣುತ್ತಿತ್ತೋ ದೇವರೇ ಬಲ್ಲ. ಗೌರಿ ಹುಣ್ಣಿಮೆಯ ಹಿಂದಿನ ದಿನ ಬಂದಳೆಂದು ಅತ್ತೆ ಗೌರವ್ವ ಎಂದು ಹೆಸರಿಟ್ಟರು, ಸಕ್ಕರೆ ಅಚ್ಚಿನ ಆರತಿಯ ಒಂದು ಚೂರನ್ನು ಅವಳ ಮುಂದೆಯೂ ಇಟ್ಟರು. ಗೌರವ್ವ ಅದನ್ನು ಮೂಸಿ ನೋಡಿ ತಿರುಗಿ ಕೂತಳು.

ಅತ್ತೆಯವರ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಅವರ ತವರು ಖಾನಾಪುರ. ನಮ್ಮ ಬಳಗದಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎರೆದವರು ಅವರೇ. ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಬಿಸಿನೀರು ಹಾಕುತ್ತಿದ್ದರೆ ಅಳುವ ಕೂಸು ಸುಮ್ಮನಾಗುತ್ತದೆ. ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಅವರು ಹೇಳಿದ್ದು ತಪ್ಪಿದ್ದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅವರೂ ಅದನ್ನು ಅಲ್ಲಗಳೆಯುವುದಿಲ್ಲ. ಹೀಗಾಗಿ ಗೌರವ್ವನ ಹೊಟ್ಟೆ ದಪ್ಪಗಾಗಿದ್ದನ್ನು ನೋಡಿ, ಮಾಳಿಗೆಯ ಮೇಲೆ ಒಂದು ಪಟ್ಟೆ ಪಟ್ಟೆಯ ಬೋಕಾ ಓಡಾಡಿದ್ದನ್ನು ನೆನೆದು, ಇವಳು ಬಸುರಿ ಎಂದು ಅವರು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಆ ಮಾತಿಗೆ ಅಪೀಲೇ ಇರಲಿಲ್ಲ. ನಮ್ಮದು ಮಾಂಸ ತರದ ಮನೆ. ಗೌರವ್ವನಿಗೆ ಪ್ಯಾಕೆಟ್ಟಿನ ಒಣ ಕಾಳು, ಆಗಾಗ ಹಾಲು. ನೀರನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ತಿಂದು ಮಲಗಿ ಬೊಜ್ಜು ಬಂದಿತ್ತು, ಅಷ್ಟೇ. ಅತ್ತೆ ಆ ಬೊಜ್ಜಿಗೆ ತುಪ್ಪವನ್ನೂ ಸೇರಿಸಿದರು.

ಆ ಭಾನುವಾರ ಖಾನಾಪುರದಲ್ಲಿ ನನ್ನ ನಾದಿನಿಯ ಮಗಳು ಅಶ್ವಿನಿಯ ಕುಬಸ ಇತ್ತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ಕಾರ್ಯಕ್ರಮ. ಗೌರವ್ವ ಎರಡು ದಿನದಿಂದ ಸರಿಯಾಗಿ ತಿಂದಿರಲಿಲ್ಲ. ದಿನ ತುಂಬಿವೆ, ಒಬ್ಬಳನ್ನೇ ಬಿಡಬಾರದು ಎಂದು ಅತ್ತೆ ಬುಟ್ಟಿಯಲ್ಲಿ ಕೂರಿಸಿಕೊಂಡು ಹೊರಟರು. ಅಲ್ಲಿ ಹೆಂಗಸರಿಗೆಲ್ಲ ಖುಷಿಯೋ ಖುಷಿ. ಬಂದವರು ಮೊದಲು ಅಶ್ವಿನಿಗೆ ಆರತಿ ಎತ್ತಿ, ಆಮೇಲೆ ಬುಟ್ಟಿಯ ಕಡೆಗೂ ತಟ್ಟೆ ತಿರುಗಿಸಿದರು. ಕುಂಕುಮ ಹಚ್ಚಿದ್ದು ಆಗಲೇ. ಯಾರೋ ಒಂದು ಹಸಿರು ಬಳೆಯನ್ನು ಬುಟ್ಟಿಯ ಹಿಡಿಕೆಗೆ ಸಿಗಿಸಿದರು.

ಊಟದ ಹೊತ್ತಿಗೆ ಗೌರವ್ವ ಬುಟ್ಟಿಯಿಂದಿಳಿದು ಒಳಕೋಣೆಯ ಮೂಲೆ ಸೇರಿದಳು. ಕೂತು ಮುಕ್ಕುವುದು, ಏಳುವುದು, ಮತ್ತೆ ಕೂರುವುದು. ಹಿಂದೆ ತಿರುಗಿ ನೆಕ್ಕಿಕೊಳ್ಳುವುದು. ಅವಳ ಗಂಟಲಿನಿಂದ ಬಂದ ಅಂಥ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ಬ್ಯಾನಿ ಸುರು ಆಗ್ಯಾವ, ಗಂಡಸ್ರು ಹೊರಗ ಹೋಗ್ರಿ" ಎಂದು ಅತ್ತೆ ಸೆರಗು ಕಟ್ಟಿಕೊಂಡರು. ನಮ್ಮ ಕಡೆ ಹೆರಿಗೆಯ ನೋವಿಗೆ ಬ್ಯಾನಿ ಎನ್ನುತ್ತೇವೆ. ಹಳೆಯ ಇಳಕಲ್ ಸೀರೆ ಹಾಸಿದರು, ಕಿಟಕಿ ಮುಚ್ಚಿದರು. ಗೌರವ್ವನನ್ನು ಮಗ್ಗುಲಿಗೆ ಮಲಗಿಸಿ ಹೊಟ್ಟೆಯನ್ನು ಮೇಲಿನಿಂದ ಕೆಳಕ್ಕೆ ನೀವತೊಡಗಿದರು. ಕೈಗೆ ಗಟ್ಟಿಯಾಗಿ ಒಂದು ಗುಂಡು ಸಿಗುತ್ತಿದೆ, ಅದು ಮರಿಯ ತಲೆ ಎಂದರು. ಸೀರೆಯ ಮೇಲೆ ಒಂದು ಹನಿ ರಕ್ತ ಬಿತ್ತು. ಇನ್ನೇನು ಬಂದೇಬಿಟ್ಟಿತು ಎಂದು ಎಲ್ಲರೂ ಬಗ್ಗಿದೆವು.

ಏನೂ ಬರಲಿಲ್ಲ. ಗೌರವ್ವ ವಾಂತಿ ಮಾಡಿಕೊಂಡಳು. ದನಿ ಸಣ್ಣದಾಗುತ್ತ ಹೋಗಿ ಆಮೇಲೆ ನಿಂತೇ ಹೋಯಿತು. ಅದು ನಿಂತಿದ್ದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅತ್ತೆ ನೀವುತ್ತಲೇ ಇದ್ದರು, ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಬಾಗಿಲಲ್ಲಿ ಹಸಿರು ಸೀರೆ ಉಟ್ಟು ನಿಂತಿದ್ದ ಅಶ್ವಿನಿ ತನ್ನ ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು. "ಆಯಿ, ಸಾಕ ಮಾಡ. ಆಕಿ ಸಾಯಾಕ ಹತ್ಯಾಳ" ಎಂದು ಅಜ್ಜಿಯನ್ನು ಬೇಡಿಕೊಂಡಳು. ಕುಬಸದ ದಿನ, ಬಸುರಿಯ ಬಾಯಲ್ಲಿ ಸಾವಿನ ಮಾತು. ನಮ್ಮ ಮನೆಯವರು ಕಾರಿನ ಕೀಲಿ ತಗೊಂಡರು. ಭಾನುವಾರ, ಖಾನಾಪುರದಲ್ಲಿ ದನದ ದವಾಖಾನೆಗೆ ಸೂಟಿ. ನೇರ ಬೆಳಗಾವಿಗೆ ಬಂದೆವು. ದಾರಿಯುದ್ದಕ್ಕೂ ಅತ್ತೆ ಬುಟ್ಟಿಯೊಳಗಿನ ಕೈ ತೆಗೆಯಲಿಲ್ಲ.

ಡಾಕ್ಟರ್ ಬಾಯಿಯವರ ಮೇಜಿನ ಬಳಿ ನಮಗೆ ತಿಳಿದದ್ದು ಇದು. ಗೌರವ್ವನ ಮೂತ್ರನಾಳ ಹರಳಿನ ಪುಡಿಯಿಂದ ಮುಚ್ಚಿಹೋಗಿತ್ತು. ಒಳಗಿನ ಚೀಲ ಮೋಸಂಬಿಯಷ್ಟು ಉಬ್ಬಿತ್ತು. ಹೊರಗೆ ಹೋಗಬೇಕಾದ ವಿಷ ರಕ್ತಕ್ಕೆ ಸೇರಿ ಎದೆಬಡಿತ ತಪ್ಪುತ್ತಿತ್ತು. ಡಾಕ್ಟರು ಸೂಜಿ, ನಳಿಗೆಗಳನ್ನು ಅಣಿ ಮಾಡುತ್ತಲೇ ಮಾತಾಡುತ್ತಿದ್ದರು. ಹೊಟ್ಟೆಯನ್ನು ಯಾರಾದರೂ ಒತ್ತಿದ್ದೀರಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಾ ಒತ್ತೀನಿ" ಎಂದರು. ಡಾಕ್ಟರು ಗದರಿಸಲಿಲ್ಲ. "ಚೀಲ ಒಡದಿದ್ರ ಅಲ್ಲೇ ಹೋಗತಿತ್ತ ಆಯಿ. ಒಡದಿಲ್ಲ, ನಮ್ಮ ನಶೀಬ" ಎಂದಷ್ಟೇ ಹೇಳಿ ನಮ್ಮನ್ನು ಹೊರಗೆ ಕಳಿಸಿದರು.

ಹೊರಗಿನ ಬೆಂಚಿನ ಮೇಲೆ ಕೂತಾಗ ನನ್ನ ತಲೆಯೊಳಗೆ ಎಲ್ಲವೂ ಒಂದೇ ಸಲ ಓಡುತ್ತಿತ್ತು. ಗಂಡು. ಗಂಡಿಗೆ ಕುಂಕುಮ ಹಚ್ಚಿದ್ದೇವೆ. ಗಂಡಿಗೆ ತುಪ್ಪ ತಿನ್ನಿಸಿದ್ದೇವೆ. ಅದು ಎರಡು ದಿನದಿಂದ ಉಚ್ಚೆ ಹೊಯ್ಯಲಾಗದೆ ಒದ್ದಾಡುತ್ತಿದ್ದರೆ ನಾವು ಮರಿಗಳಿಗೆ ಹೆಸರು ಹುಡುಕುತ್ತಿದ್ದೆವು. ನಾಯಿ ಹಿಡಿದುಕೊಂಡು ಎದುರಿಗೆ ಕೂತಿದ್ದವರೊಬ್ಬರು ಹಸಿರು ಬಳೆ ಸಿಗಿಸಿದ್ದ ನಮ್ಮ ಖಾಲಿ ಬುಟ್ಟಿಯನ್ನೇ ನೋಡುತ್ತಿದ್ದರು, ನಾನು ಬಳೆ ತೆಗೆದು ಚೀಲಕ್ಕೆ ಹಾಕಿಕೊಂಡೆ. ಅತ್ತೆ ಎದ್ದು ಹೋಗಿ ನಲ್ಲಿಯ ಕೆಳಗೆ ಕೈ ತೊಳೆದು ಬಂದರು. ಕೂತರು. ಮತ್ತೆ ಎದ್ದು ಹೋಗಿ ತೊಳೆದು ಬಂದರು. ಆಮೇಲೆ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತರು.

ಡಾಕ್ಟರು ನಳಿಗೆ ಹಾಕಿ ಮೂತ್ರ ಹೊರಗೆ ತೆಗೆದರು. ಅದರ ಬಣ್ಣ ಬೀಟ್‌ರೂಟಿನ ನೀರಿನ ಹಾಗಿತ್ತು. ಬದುಕುತ್ತಾಳೆಯೇ ಎಂದು ಕೇಳಿದರೆ, ನಾಳೆ ಬೆಳಿಗ್ಗೆ ಹೇಳುತ್ತೇನೆ ಎಂದರು. ಮರುದಿನ ಬೆಳಿಗ್ಗೆ ಗೌರವ್ವ ತಲೆ ಎತ್ತಿ ನಮ್ಮನ್ನು ನೋಡಿದಳು. ಕುಂಕುಮವನ್ನು ಯಾರೋ ಒರೆಸಿದ್ದರು. ನಾನು ಇಲ್ಲಿಂದ ಮುಂದೆಯೂ ಅವಳು ಎಂದೇ ಬರೆಯುತ್ತೇನೆ, ಬೇರೆ ಬರೆಯಲು ಕೈ ಬರುವುದಿಲ್ಲ.

ಸುದ್ದಿ ಕೇಳಿ ಶಾಹೀನ್ ಓಡಿಬಂದಳು. ಗಂಡು ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ. ತಮ್ಮ ಹೇಳಲಿಲ್ಲ, ತಾನು ಕೇಳಲಿಲ್ಲ ಎಂದಳು. "ಟೀಚರ್, ನಮ್ಮ ಮನ್ಯಾಗ ಬಿಲ್ಲಿ ಅಂದ್ರ ಬಿಲ್ಲಿ ಆಯೀ, ಬಿಲ್ಲಿ ಗಯೀ. ಎಲ್ಲಾ ಬೆಕ್ಕಿಗೂ ಹಂಗ ಅಂತೀವಿ. ಗಂಡೋ ಹೆಣ್ಣೋ ಯಾರ ನೋಡ್ಯಾರ?" ಅವರ ಉರ್ದುವಿನಲ್ಲಿ ಬೆಕ್ಕು ಬಂದಳು, ಬೆಕ್ಕು ಹೋದಳು; ಬೆಕ್ಕೆಂಬ ಬೆಕ್ಕೆಲ್ಲ ಹೆಣ್ಣು. ಅದನ್ನೇ ಕನ್ನಡಕ್ಕೆ ತಂದು ಅವಳು ಅದಾಳ ಎಂದಿದ್ದಳು. ಖಾನಾಪುರದ ಮರಾಠಿ ಹೆಂಗಸರು ಬೆಕ್ಕಿಗೆ ಅನ್ನುವ ಮಾಂಜರವೂ ನಮ್ಮ ಕನ್ನಡದ ಬೆಕ್ಕೂ ವ್ಯಾಕರಣದಲ್ಲಿ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಮೂರು ಭಾಷೆ ಆಡುವ ನಾವು ಒಂದು ಪ್ರಾಣಿಯ ಸುತ್ತ ನಿಂತು, ಮೂರರಲ್ಲಿ ಒಂದರಿಂದಲೂ ಅದು ಏನೆಂದು ತಿಳಿದುಕೊಳ್ಳಲಿಲ್ಲ. ಆಪರೇಷನ್ ಆದ ಬೋಕಾನನ್ನು ನಪುಂಸಕಲಿಂಗ ಎಂದು ನಾನು ಬೋರ್ಡಿನ ಮೇಲೆ ಬರೆದದ್ದು ಮಾತ್ರ ಸರಿಯಾಗಿತ್ತು ಎಂದು ನಮ್ಮ ಮನೆಯವರು ಚೇಷ್ಟೆ ಮಾಡಿದರು. ಆ ದಿನಗಳಲ್ಲಿ ನಾನು ನಕ್ಕದ್ದು ಅದೊಂದೇ ಮಾತಿಗೆ.

ಗೌರವ್ವ ಮನೆಗೆ ಬಂದಳು. ಒಣ ಕಾಳು ಬಂದ್ ಆಗಬೇಕು, ನೀರಿನಂಶ ಇರುವುದನ್ನೇ ಕೊಡಬೇಕು, ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಕೋಳಿಯ ತಿಳಿ ಆದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ನಾನು ಅತ್ತೆಯವರ ಕಡೆ ನೋಡಲೇ ಇಲ್ಲ. ದೇವರ ಜಗುಲಿಯಲ್ಲಿ ಲಿಂಗಪೂಜೆ ನಡೆಯುವ ಮನೆಯಲ್ಲಿ ಈ ಮಾತು ಎತ್ತುವುದು ಹೇಗೆಂದು ನಾನು ಯೋಚಿಸುತ್ತಿರುವಾಗಲೇ ಅವರೇ ಹಿತ್ತಲ ಗೋಡೆಯ ಹತ್ತಿರ ಹೋಗಿ ಶಾಹೀನಳನ್ನು ಕರೆದರು. ಅವಳು ತನ್ನ ಮನೆಯಲ್ಲಿ ಬೇಯಿಸಬೇಕು, ಒಂದು ಬೇರೆ ಬಟ್ಟಲಿನಲ್ಲಿ ಗೋಡೆ ದಾಟಿಸಬೇಕು, ಗೌರವ್ವ ಹಿತ್ತಲಲ್ಲೇ ಕುಡಿಯಬೇಕು. ಹೀಗೆ ಅವರಿಬ್ಬರೇ ಮಾತಾಡಿ ಮುಗಿಸಿದರು. ಶಾಹೀನ್ ಸೀನುತ್ತ ಸೀನುತ್ತ ಬಟ್ಟಲು ಕೊಡುವಳು, ಅತ್ತೆ ಮುಖ ಆ ಕಡೆ ತಿರುಗಿಸಿ ಇಸಿದುಕೊಳ್ಳುವರು.

ಆದರೆ ಅತ್ತೆ ಗೌರವ್ವನನ್ನು ಮುಟ್ಟುತ್ತಿರಲಿಲ್ಲ. ಬಟ್ಟಲು ಇಟ್ಟು ದೂರ ನಿಲ್ಲುತ್ತಿದ್ದರು. ಅವಳು ಕಾಲಿಗೆ ಮೈ ತಿಕ್ಕಲು ಬಂದರೆ ಹಿಂದೆ ಸರಿಯುತ್ತಿದ್ದರು. ಒಂದು ದಿನ ಖಾನಾಪುರದಿಂದ ನಾದಿನಿ ಫೋನು ಮಾಡಿ, ಅಶ್ವಿನಿಗೆ ಹುಟ್ಟಲಿರುವ ಕೂಸಿಗೆ ಎರೆಯಲು ಬರಬೇಕೆಂದು ನೆನಪಿಸಿದಳು. ಅತ್ತೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದುಬಿಟ್ಟರು. ನಾನು ಯಾಕೆಂದು ಕೇಳಿದೆ. ಅವರು ಕೈ ಮುಂದೆ ಚಾಚಿ ನೋಡಿಕೊಂಡು, "ಈ ಕೈಗೆ ಉಚ್ಚಿಚೀಲ ಯಾವುದು, ಕೂಸಿನ ತಲಿ ಯಾವುದು ತಿಳೀಲಿಲ್ಲ. ಇನ್ನ ಹಸಿಗೂಸು ಹಿಡೀಲೇನ?" ಎಂದರು. ಬೆಕ್ಕು ಉಳಿಯಿತು, ಇವರು ಹೋದರು ಎನ್ನಿಸಿ ನನಗೆ ಗಾಬರಿಯಾಯಿತು.

ಅದರ ಬೆನ್ನಿಗೇ ಎರಡನೆಯ ಪೆಟ್ಟು ಬಿತ್ತು. ನಳಿಗೆ ತೆಗೆದು ಹೆಚ್ಚು ದಿನ ಆಗಿರಲಿಲ್ಲ, ಗೌರವ್ವ ಮತ್ತೆ ಮೂಲೆ ಸೇರಿ ಮುಕ್ಕತೊಡಗಿದಳು. ಅದೇ ದನಿ. ಈ ಸಲ ಮೊದಲು ಕಂಡವರು ಅತ್ತೆ. ಅಡಿಗೆಮನೆಯ ಬಾಗಿಲಿಗೆ ಬಂದು ಮೂಲೆಯ ಕಡೆ ಕೈ ತೋರಿಸಿದರು. ನಾನು ಒಲೆ ಆರಿಸಿ ಬುಟ್ಟಿ ತಗೊಂಡೆ. ಮತ್ತೆ ನಳಿಗೆ, ಮತ್ತೆ ಸಲಾಯಿನ್. ಹೀಗೇ ಮತ್ತೆ ಮತ್ತೆ ಕಟ್ಟಬಹುದು, ಒಂದು ಸಲ ತಡವಾದರೆ ಮುಗಿಯಿತು, ಅದಕ್ಕೊಂದು ಆಪರೇಷನ್ ಇದೆ ಎಂದರು ಡಾಕ್ಟರು. ಗಂಡು ಬೆಕ್ಕಿನ ಮೂತ್ರದ ದಾರಿ ಕೊನೆಗೆ ತೀರ ಸಣ್ಣದು. ಆ ಸಣ್ಣ ಭಾಗವನ್ನು ತೆಗೆದುಹಾಕಿ ಅಗಲವಾದ ದಾರಿ ಮಾಡುತ್ತಾರೆ. "ಅಂದ್ರ ಹೆಣ್ಣು ಬೆಕ್ಕಿಗೆ ಇರತದಲ್ಲ, ಹಂಗ" ಎಂದರು.

ಹೆಣ್ಣೆಂದು ಕರೆದುಕೊಂಡು ಬಂದದ್ದು ಗಂಡಾಯಿತು. ಈಗ ಬದುಕಬೇಕಾದರೆ ಹೆಣ್ಣಿನ ಹಾಗೆ ಮಾಡಬೇಕು. ಒಂದು ಕುಟುಂಬಕ್ಕೆ ಎಷ್ಟು ಸಲ ಇಂಥ ಆಘಾತ ಕೊಡಬಹುದು ಎಂದು ನಾನು ದೇವರನ್ನು ಕೇಳಿದೆ. ನಮ್ಮ ಮನೆಯವರು ಗೋಡೆಯ ಕಡೆ ತಿರುಗಿ ನಿಂತರು. ಭುಜ ಕುಲುಕುತ್ತಿದ್ದವು, ನಗುತ್ತಿದ್ದರೋ ಅಳುತ್ತಿದ್ದರೋ ಇವತ್ತಿಗೂ ಹೇಳಿಲ್ಲ. ಅತ್ತೆ ಮಾತ್ರ, ನೋವು ಕಡಿಮೆ ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದರು ಡಾಕ್ಟರು. ಹಾಗಾದರೆ ಮಾಡಿರಿ ಎಂದರು ಅತ್ತೆ.

ಆಪರೇಷನ್ ಆಯಿತು. ಗಾಯ ನೆಕ್ಕಬಾರದೆಂದು ಕೊರಳ ಸುತ್ತ ಪ್ಲಾಸ್ಟಿಕ್ಕಿನ ಅಗಲ ಪಟ್ಟಿ, ಹಿಂದೆ ಹೊಲಿಗೆ, ಮರಳಿನ ಬದಲು ಹರಿದ ಪೇಪರು ತುಂಬಿದ ತಟ್ಟೆ. ಆ ಪಟ್ಟಿ ಹಾಕಿಕೊಂಡು ಗೌರವ್ವ ಬಾಗಿಲಿಗೆಲ್ಲ ಢಿಕ್ಕಿ ಹೊಡೆಯುತ್ತ ಓಡಾಡುವಳು. ಮನೆಗೆ ಬಂದ ಮೊದಲ ಮಧ್ಯಾಹ್ನ ನಾವು ಮೂವರೂ ಆ ತಟ್ಟೆಯ ಸುತ್ತ ಕೂತಿದ್ದೆವು. ಅವಳು ತಟ್ಟೆ ಹತ್ತಿದಳು, ಕೂತಳು. ಪೇಪರಿನ ಮೇಲೆ ಸರ್ರೆಂದು ಸದ್ದಾಯಿತು, ನಿಲ್ಲದೆ ಬಹಳ ಹೊತ್ತು. ಉಚ್ಚೆಯ ಸದ್ದಿಗೆ ಕಣ್ಣೀರು ಹಾಕುವ ದಿನ ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅತ್ತೆ ಕೈ ಎತ್ತಿ ಮುಗಿದರು. ಆದರೂ ಮುಟ್ಟಲಿಲ್ಲ.

ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರು ಪರೀಕ್ಷೆ ಮಾಡುತ್ತ, ದಿನಕ್ಕೊಮ್ಮೆ ಹೊಟ್ಟೆಯನ್ನು ಹಗೂರಕ್ಕೆ ಮುಟ್ಟಿ ನೋಡಬೇಕು, ಒತ್ತಬಾರದು, ಗುಂಡು ಗಟ್ಟಿಯಾಗಿ ಸಿಕ್ಕರೆ ಕೂಡಲೇ ತರಬೇಕು ಎಂದರು. ನಾನು ಮುಟ್ಟಿ ನೋಡಿದೆ. ನನ್ನ ಕೈಗೆ ಬರೀ ಕೂದಲು, ಬೊಜ್ಜು. ಡಾಕ್ಟರು ನನ್ನನ್ನು ಬಿಟ್ಟು ಅತ್ತೆಯವರನ್ನು ಕರೆದರು. ಅತ್ತೆ ಹಿಂದೆ ಸರಿದರು. "ಆಯಿ, ಅವತ್ತ ನಿಮ್ಮ ಕೈಗೆ ಗುಂಡು ಸಿಕ್ಕಿತ್ತಲ್ಲ? ಕೈ ಖರೇನ ಹೇಳಿತ್ತ. ಹೆಸರ ತಪ್ಪ ಇಟ್ರಿ, ಅಷ್ಟ" ಎಂದು ಡಾಕ್ಟರು ಅವರ ಕೈ ಹಿಡಿದು ಗೌರವ್ವನ ಹೊಟ್ಟೆಯ ಕೆಳಗೆ ಇಟ್ಟರು. ಅತ್ತೆಯವರ ಬೆರಳು ಮೊದಲು ಇಟ್ಟಲ್ಲೇ ಇದ್ದವು. ಆಮೇಲೆ ತಾವಾಗಿಯೇ ಸರಿದು, ಹುಡುಕಿ, ಒಂದು ಕಡೆ ನಿಂತವು. ಗೌರವ್ವ ಗುರುಗುರು ಎನ್ನತೊಡಗಿದಳು. "ಖಾಲಿ ಐತಿ" ಎಂದರು ಅತ್ತೆ.

ಅಂದಿನಿಂದ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅದೇ ಮಾತು. ಕಾಲು ನೀಡಿ ಕೂತು, ಕಾಲ ಮೇಲೆ ಗೌರವ್ವನನ್ನು ಮಲಗಿಸಿಕೊಂಡು, ಕಣ್ಣು ಮುಚ್ಚಿ ಮುಟ್ಟಿ ನೋಡುವರು. ಖಾಲಿ ಎಂದರೆ ನಾನು ಅಡಿಗೆಗೆ ಹೊರಡುವುದು. ತುಂಬಿದ ಹೊಟ್ಟೆಗಾಗಿ ಹಂಬಲಿಸಿದ ಮನೆಯಲ್ಲಿ ಈಗ ಖಾಲಿ ಎಂಬುದೇ ಸಿಹಿ ಸುದ್ದಿ. ಕಾಯಿಲೆ ಪೂರ್ತಿ ಹೋಯಿತೆಂದು ಡಾಕ್ಟರು ಹೇಳಿಲ್ಲ, ನೋಡಿಕೊಂಡಿರಬೇಕು ಎಂದಿದ್ದಾರೆ. ನೋಡಿಕೊಂಡಿದ್ದೇವೆ.

ಅಶ್ವಿನಿಗೆ ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂದದ್ದು ಒಂದು ಬೆಳಿಗ್ಗೆ. ಹೆಣ್ಣೆಂದು ಸರಿಯಾಗಿ ನೋಡಿಕೊಂಡಿದ್ದಾರಾ ಕೇಳು ಎಂದು ನಮ್ಮ ಮನೆಯವರು ನಗಾಡಿದರು. ಅತ್ತೆ ಅವರನ್ನು ಗದರಿ, ಟ್ರಂಕಿನಿಂದ ಎರೆಯುವಾಗ ಉಡುವ ಹಳೆಯ ಸೀರೆ ತೆಗೆದರು. ಹೊರಡುವ ಮೊದಲು ಅವರು ಗೌರವ್ವನನ್ನು ನನ್ನ ತೊಡೆಯ ಮೇಲೆ ಮಲಗಿಸಿ, ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು ಹೊಟ್ಟೆಯ ಕೆಳಗೆ ಒಯ್ದರು. ಇದು ಬೊಜ್ಜು, ಇದು ಕರುಳು, ಇಲ್ಲಿ ನಿಲ್ಲು ಎಂದು ನನ್ನ ಬೆರಳುಗಳಿಗೆ ತೋರಿಸಿಕೊಟ್ಟರು. ಈಗ ಅವರು ಖಾನಾಪುರದಲ್ಲಿದ್ದಾರೆ. ಸಂಜೆ ದೀಪ ಹಚ್ಚಿದ ಮೇಲೆ ನಾನು ಫೋನು ಮಾಡುತ್ತೇನೆ. ಆ ಕಡೆಯಿಂದ ಕೂಸಿನ ಸಣ್ಣ ದನಿ ಕೇಳುತ್ತದೆ. ಹೇಗಿದ್ದೀ ಎಂದು ಅವರು ನನ್ನನ್ನು ಕೇಳುವುದಿಲ್ಲ.

"ಕೈ ಏನ ಹೇಳತೈತಿ?"

"ಖಾಲಿ ಐತ್ರಿ ಅತ್ತಿ" ಎನ್ನುತ್ತೇನೆ.